ಗೋಪುರದ ಬುಡದ ಗಾಳಿ: ನಕ್ಷೆಗೆ ಸಹಿ ಹಾಕುವ ಮುನ್ನ

ಸದಸ್ಯರೇ, ನಮ್ಮ ಗೋಪುರ ಕಟ್ಟಡಗಳ ನಕ್ಷೆ ಸಹಿಗೆ ಬಂದಿದೆ. ಎತ್ತರದ ಕಟ್ಟಡಕ್ಕೆ ಬಡಿದ ಗಾಳಿಯ ಒಂದು ಪಾಲು ಗೋಡೆಗುಂಟ ಕೆಳಗಿಳಿದು, ಮೂಲೆಗಳಲ್ಲಿ ವೇಗ ಪಡೆದು ನಡೆಯುವವರ ಮೇಲೆ ಎರಗುತ್ತದೆ. ಹಾಗಾಗಿ ಮುಖ್ಯ ಬಾಗಿಲನ್ನು ಮೂಲೆಯಲ್ಲಿಟ್ಟ ನಕ್ಷೆಗೆ ನನ್ನ ಒಪ್ಪಿಗೆಯಿಲ್ಲ. ಅಲ್ಲಿ ಕೊಡೆ ಮಗುಚುತ್ತದೆ, ವಯಸ್ಸಾದವರು ಬಾಗಿಲು ಎಳೆಯಲು ಹೆಣಗುತ್ತಾರೆ. ಕಟ್ಟಡದ ಸುತ್ತ ಓಡಾಡುವವರಿಗೆ ಗಾಳಿ ಹಿತವೇ ಎಂದು ಅಳೆಯಲು ಬಳಕೆಯಲ್ಲಿರುವ ಲಾಸನ್ ಮಾನದಂಡದ ಒಂದು ರೂಪದಂತೆ, ಕುಳಿತುಕೊಳ್ಳುವ ಜಾಗದಲ್ಲಿ ಗಾಳಿ ಸೆಕೆಂಡಿಗೆ 4 ಮೀಟರ್ ದಾಟುವುದು ಒಟ್ಟು ಸಮಯದ ಶೇ 5ಕ್ಕಿಂತ ಹೆಚ್ಚಿರಬಾರದು. ನಿಲ್ಲುವ ಜಾಗಕ್ಕೆ ಈ ವೇಗದ ಮಿತಿ ಸೆಕೆಂಡಿಗೆ 6 ಮೀಟರ್. ಎರಡು ಗೋಪುರಗಳ ನಡುವಿನ ಓಣಿಯಲ್ಲೂ ಗಾಳಿ ಇಕ್ಕಟ್ಟಿಗೆ ಸಿಕ್ಕಿ ವೇಗ ಪಡೆಯುತ್ತದೆ, ಅಲ್ಲಿ ಬೆಂಚು ಬೇಡವೇ ಬೇಡ. ಮರ ನೆಟ್ಟರೆ ಸಾಕೆನ್ನುವವರಿಗೆ: ಎಲೆ ಉದುರಿದ ಮರ ಗಾಳಿಯನ್ನು ಅಷ್ಟಾಗಿ ತಡೆಯದು. ಕೆಳ ಅಂತಸ್ತುಗಳನ್ನು ಹೊರಚಾಚಿ ಗೋಪುರವನ್ನು ಹಿಂದೆ ಸರಿಸುವುದೇ ಮೇಲು. ಆಗ ಇಳಿಗಾಳಿ ನಡೆಯುವವರ ಬದಲು ಕೆಳ ಅಂತಸ್ತುಗಳ ತಾರಸಿಗೆ ಬಡಿಯುತ್ತದೆ (ಅಲ್ಲಿ ಆಟದ ಜಾಗ ಕೇಳಬೇಡಿ). ಗಾಳಿ ಸುರಂಗದ (ಕಟ್ಟಡದ ಮಾದರಿಗೆ ಗಾಳಿ ಬೀಸಿ ನೋಡುವ) ಪರೀಕ್ಷಾ ವರದಿ ಬರುವವರೆಗೆ ಯಾರೂ ಸಹಿ ಹಾಕಬೇಡಿ.