ಆದಿತ್ಯವಾರದ ಸಂಜೆಗೆ ಕಾರಣರಾದವರಿಗೆ

ಕಳೆದ ಆದಿತ್ಯವಾರ ನಮ್ಮ ಚರ್ಚಿಗೆ ಬಂದು, ನಾನು ರಾಗ ಹಾಕಿದ ಬೈಬಲಿನ ಕೀರ್ತನೆಗಳನ್ನು ಕೊನೆಯ ತನಕ ಕೂತು ಕೇಳಿದ ಎಲ್ಲರಿಗೂ ವಂದನೆ. ದೇವರಿಗೆ ಸ್ತೋತ್ರ. ಬರುತ್ತೇವೆಂದು ಬಾರದವರ ಮೇಲೆ ಬೇಸರವಿಲ್ಲ, ಮಂಗಳೂರಿನ ಮಳೆ ಹಾಗಿತ್ತು.

ಗಂಟಲಲ್ಲಿ ಗಂಟು ಕಾಣಿಸಿಕೊಂಡು, ಡಾಕ್ಟರು ಮಾತೂ ಕಮ್ಮಿ ಮಾಡಿ ಎಂದಿದ್ದ ದಿನಗಳು ನಿಮ್ಮಲ್ಲಿ ಹಲವರಿಗೆ ಗೊತ್ತು. ಸ್ವರ ಮರಳಿತು, ಧೈರ್ಯ ಮರಳಲಿಲ್ಲ. ಮೈಕಿನ ಮುಂದೆ ನಿಂತರೆ ಮೇಲಿನ ಷಡ್ಜ ಹತ್ತುವ ಮೊದಲೇ ಕೆಮ್ಮು. ನಮ್ಮ ಕ್ವಾಯರಿನಲ್ಲಿ ತಗ್ಗಿನ ಸ್ವರ ಹಾಡುವ ಆಲ್ಟೊ ಸಾಲಿನ ಅಕ್ಕಂದಿರು ಏನೂ ಕೇಳದೆ, ಮೇಲಿನ ಸ್ವರದ ಸೊಪ್ರಾನೊ ಹಾಡುತ್ತಿದ್ದ ನನ್ನನ್ನು ತಮ್ಮ ನಡುವೆ ನಿಲ್ಲಿಸಿಕೊಂಡರು. ನಾನು ತುಟಿಯಷ್ಟೇ ಆಡಿಸಿದ ದಿನಗಳಲ್ಲೂ ಯಾರೂ ತಿರುಗಿ ನೋಡಲಿಲ್ಲ. ಅಕ್ಕಂದಿರೇ, ಅದು ನನಗೆ ಗೊತ್ತಾಗಿತ್ತು.

ಸಂಗೀತ ಕಲಿಸಿದ ಟೀಚರ್ ಬೈಬಲ್ ಓದಿದವರಲ್ಲ. 130ನೇ ಕೀರ್ತನೆ ಆಳದಿಂದ ಮೊರೆಯಿಡುವುದಲ್ಲವೇ, ಹಾಗಾಗಿ ಇಡೀ ಕೀರ್ತನೆಯನ್ನು ಶೋಕದ ರಾಗ ಶುಭಪಂತುವರಾಳಿಯಲ್ಲಿ ಕೂರಿಸಿ ಅವರ ಮನೆಗೆ ಹೋಗಿದ್ದೆ. ಪೂರ್ತಿ ಕೇಳಿಸಿಕೊಂಡರು. ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿ, ಕಾವಲುಗಾರರು ಬೆಳಗಿಗಾಗಿ ಕಾಯುವ ಸಾಲಿನ ಮೇಲೆ ಬೆರಳಿಟ್ಟರು. "ಬೆಳಗಾಗ್ತದೆ ಅಂತ ಗೊತ್ತಿರುವವ ಹೀಗೆ ಅಳ್ತಾನಾ? ಇಲ್ಲಿಂದ ಬೌಳಿ ಹಾಡಿ ನೋಡು."

ಬೌಳಿ ಮುಂಜಾವಿನ ರಾಗ. ಎರಡೂ ರಾಗಕ್ಕೆ ರಿಷಭ, ಧೈವತ ಶುದ್ಧವೇ. ಬೌಳಿಗೆ ಬಂದರೆ ಪ್ರತಿಮಧ್ಯಮ ಬಿಟ್ಟುಹೋಗುತ್ತದೆ, ಸಾಧಾರಣ ಗಾಂಧಾರದ ಜಾಗಕ್ಕೆ ಅದಕ್ಕಿಂತ ತುಸು ಮೇಲಿನ ಅಂತರ ಗಾಂಧಾರ ಬರುತ್ತದೆ. ಆ ಗಾಂಧಾರ ಹಿಡಿದಾಗ ನನಗೆ ಕೆಮ್ಮು ಬರಲಿಲ್ಲ. ಬೇರೆ ಧರ್ಮದ ಪ್ರಾರ್ಥನೆಯನ್ನು ನನಗಿಂತ ಎಚ್ಚರದಿಂದ ಓದಿದ ಟೀಚರಿಗೆ ಇಲ್ಲಿಂದಲೇ ಕಾಲಿಗೆ ಬೀಳುತ್ತೇನೆ.

ಇನ್ನೊಂದು ಅಳುಕೂ ಇತ್ತು. "ಇದು ಚರ್ಚಿನ ಹಾಡಿನ ಹಾಗಿಲ್ಲ, ಮೃದಂಗ ಬೇರೆ" ಎಂದವರಿದ್ದರು. ಅವರ ಮೇಲೆ ಕೋಪವಿಲ್ಲ, ಹುಟ್ಟಿದಾಗಿನಿಂದ ನಾಲ್ಕು ಧ್ವನಿಗಳ ಹಾಡು ಕೇಳಿದ ಕಿವಿ ಅದು. ನನಗೂ ಅದು ಇಷ್ಟವೇ. ಆದರೆ ಸಭೆಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು 'ಕಥಾಮಾಲೆ'ಯ ವಿಷಯ ಹೇಳಿದರು. ನಿಘಂಟಿನ ಕಿಟೆಲ್ ನಮಗೆಲ್ಲ ಗೊತ್ತು. ಆ ನಿಘಂಟು ಬಂದದ್ದು 1894ರಲ್ಲಿ. ಅದಕ್ಕೂ ಎಷ್ಟೋ ಮೊದಲು, 1862ರಲ್ಲೇ, ಬಾಸೆಲ್ ಮಿಷನ್ನಿನ ಆ ಜರ್ಮನ್ ಪಾದ್ರಿ ಯೇಸುವಿನ ಕಥೆಯನ್ನು ನಮ್ಮ ನೆಲದ ಛಂದಸ್ಸಿನಲ್ಲಿ, ಹಾಡಲು ಬರುವಂತೆ ಕನ್ನಡದಲ್ಲಿ ಕಟ್ಟಿದ್ದರು, ಅದೇ 'ಕಥಾಮಾಲೆ'. ದೂರದ ಊರಿಂದ ಬಂದವರು ಆಗಲೇ ಮಾಡಿದ್ದನ್ನು ಇಲ್ಲೇ ಹುಟ್ಟಿದ ನಾನು ಮಾಡಲು ಯಾರ ಅಪ್ಪಣೆ ಕಾಯಬೇಕು? ಆ ಹಿರಿಯರು ಅಂದು ಮುಂದಿನ ಸಾಲಿನಲ್ಲೇ ಕೂತು ತಾಳ ಹಾಕುತ್ತಿದ್ದರು. ಅಲ್ಲಲ್ಲಿ ತಪ್ಪುತ್ತಿತ್ತು, ಇರಲಿ.

ಆರಾಧನೆ ಮುಗಿದ ಮೇಲೂ ಚರ್ಚಿನ ಬಾಗಿಲು ತೆರೆದಿಟ್ಟು ಅಭ್ಯಾಸಕ್ಕೆ ಜಾಗ ಕೊಟ್ಟ ನಮ್ಮ ಪಾದ್ರಿ ಅಯ್ಯನವರಿಗೆ, ಬಸ್ಸಿನಲ್ಲಿ ಮೃದಂಗ ಮಡಿಲಲ್ಲಿಟ್ಟುಕೊಂಡು ಬಂದ ಹುಡುಗನಿಗೆ, ಚಹಾ ಮಾಡಿದ ಸ್ತ್ರೀಸಮಾಜದವರಿಗೆ ಕೃತಜ್ಞತೆಗಳು. ಅಮ್ಮನಿಗೆ ಮನೆಯಲ್ಲೇ ಹೇಳಿದ್ದೇನೆ.

ಬೌಳಿಯ ಭಾಗದ ಸ್ವರ ಕೇಳಿ ಮೆಸೇಜು ಹಾಕಿದ ಮಕ್ಕಳಿಗೆ: ಬರೆದಿಟ್ಟಿದ್ದೇನೆ, ಶನಿವಾರ ಕ್ವಾಯರ್ ಅಭ್ಯಾಸಕ್ಕೆ ಬಂದು ತೆಗೆದುಕೊಳ್ಳಿ. ಹಾಡಿ ತೋರಿಸಿದರೆ ಮಾತ್ರ ಕೊಡುವುದು.