ಕೆಡಿಪಿ ಸಭೆಗೆ ನರ್ಸಮ್ಮನನ್ನೂ ಕರೆಯಿರಿ: ಶಿಡ್ಲಘಟ್ಟದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರಗಳು. ನಾನು ಸಮುದಾಯ ಆರೋಗ್ಯ ಶುಶ್ರೂಷೆಯನ್ನು ಕಲಿಸುವ ಉಪನ್ಯಾಸಕಿ. ವಿದ್ಯಾರ್ಥಿನಿಯರನ್ನು ಕ್ಷೇತ್ರಕಾರ್ಯಕ್ಕೆಂದು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ರೀಲರ್‌ಗಳ ಬೀದಿಗಳಿಗೆ ಕರೆತರುವುದು ನನ್ನ ಕೆಲಸದ ಭಾಗ. ಹೊಸ ಆಸ್ಪತ್ರೆ ಕೊಡಿ, ಆಂಬುಲೆನ್ಸ್ ಕೊಡಿ ಎಂಬ ಬೇಡಿಕೆ ಈ ಪತ್ರದಲ್ಲಿಲ್ಲ. ತಮ್ಮ ಅಧ್ಯಕ್ಷತೆಯಲ್ಲಿ ನಡೆಯುವ ತಾಲ್ಲೂಕು ಕೆಡಿಪಿ ಸಭೆಯ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆಯ, ಬಗ್ಗೆಯಷ್ಟೇ ಬರೆಯುತ್ತಿದ್ದೇನೆ.

ಇಂಥ ಸಭೆಗಳಲ್ಲಿ ಆರೋಗ್ಯ ಇಲಾಖೆಯ ಸರದಿ ಬಂತೆಂದರೆ ಅಂಕಿಗಳ ಓದು ಶುರುವಾಗುತ್ತದೆ. ಇಷ್ಟು ಹೆರಿಗೆ, ಇಷ್ಟು ಲಸಿಕೆ, ಇಷ್ಟು ಕಬ್ಬಿಣಾಂಶದ ಮಾತ್ರೆ ವಿತರಣೆ, ಶೇಕಡಾ ಇಷ್ಟು ಸಾಧನೆ. ಅಂಕಿಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಮಾತ್ರೆ ವಿತರಣೆಯಾಗುವುದು ಬೇರೆ, ಹೊಟ್ಟೆಗಿಳಿಯುವುದು ಬೇರೆ. ಬಸುರಿ ಹೆಣ್ಣುಮಗಳು ದಿನಕ್ಕೊಂದರಂತೆ 180 ದಿನ ಅದನ್ನು ನುಂಗಬೇಕು. ಟೀವಿಯ ಹಿಂದೆ ಸಿಕ್ಕಿಸಿಟ್ಟ, ಒಂದೆರಡು ಮಾತ್ರೆಯಷ್ಟೇ ಖಾಲಿಯಾದ ಹಾಳೆ ಕಣ್ಣಿಗೆ ಬೀಳುವುದು ಮನೆಯೊಳಗೆ ಕಾಲಿಟ್ಟ ನರ್ಸಮ್ಮನಿಗೆ ಮಾತ್ರ. ಯಾಕಮ್ಮ ಎಂದು ಕೇಳಿದರೆ, ‘ಮಲ ಕಪ್ಪಗಾಯಿತು, ಹೆದರಿ ಬಿಟ್ಟುಬಿಟ್ಟೆ’ ಎಂಬ ಉತ್ತರ. ಅದು ಕಬ್ಬಿಣದ ಗುಣ, ಹೆದರಬೇಕಿಲ್ಲ, ಕಾಫಿ ಟೀ ಜೊತೆ ಮಾತ್ರ ಬೇಡ, ನಿಂಬೆ ಪಾನಕದೊಂದಿಗೆ ನುಂಗು ಎಂದು ಕೂತು ಹೇಳಲು ಐದು ನಿಮಿಷ ಸಾಕು. ಆ ಐದು ನಿಮಿಷಕ್ಕೆ ಸಭೆಯಲ್ಲಿ ಓದುವ ವರದಿಯಲ್ಲಿ ಜಾಗವಿಲ್ಲ.

ಆಸ್ಪತ್ರೆಯಲ್ಲಿ ಮಂಚ ನಮ್ಮದು, ನಿಯಮ ನಮ್ಮದು, ಬಂದವರು ಕೇಳಲೇಬೇಕು. ಮನೆಭೇಟಿಯಲ್ಲಿ ನಾವೇ ಬಂದವರು. ಅದಕ್ಕಾಗಿಯೇ ಅದನ್ನು ಬೇರೆ ವಿದ್ಯೆಯೆಂದು ಕಲಿಸುತ್ತೇವೆ. ಚೀಲ ಇಳಿಸುವ ಮೊದಲು ಅದರಡಿಗೆ ಹಳೆಯ ದಿನಪತ್ರಿಕೆ ಹಾಸಬೇಕು. ಸೋಪು, ಟವಲು ಮೇಲೆಯೇ ಸಿಗುವಂತಿರಬೇಕು. ಕೈ ತೊಳೆದ ನಂತರವೇ ಒಳಗಿನ ಸಾಮಾನಿಗೆ ಕೈ ಹಾಕಬೇಕು. ಒಂದು ಮನೆಯ ಸೋಂಕನ್ನು ನಾವೇ ಇನ್ನೊಂದು ಮನೆಗೆ ಹೊತ್ತುಕೊಂಡು ಹೋಗಬಾರದಲ್ಲ! ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಹುಡುಗಿಯರು ಇದಕ್ಕೆ ನಗುತ್ತಾರೆ. ಮನೆಯವರು ನಗುವುದಿಲ್ಲ, ಕಣ್ಣು ಮಿಟುಕಿಸದೆ ನೋಡುತ್ತಾರೆ. ಕೈ ತೊಳೆಯಿರಿ ಎಂಬ ಭಾಷಣಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ನಮ್ಮ ಶಾಸ್ತ್ರದ ಇನ್ನೊಂದು ಮಾತೆಂದರೆ, ಇಲ್ಲಿ ರೋಗಿ ಒಬ್ಬಳಲ್ಲ, ಇಡೀ ಬೀದಿ. ಶಿಡ್ಲಘಟ್ಟದಲ್ಲಿ ಇದನ್ನು ಪಾಠ ಮಾಡಿ ವಿವರಿಸಬೇಕಾಗಿಯೇ ಇಲ್ಲ. ನೂಲು ತೆಗೆಯುವ ಸಾಧನವಾದ ಚರಕದಲ್ಲಿ ರೇಷ್ಮೆಗೂಡು ಬೇಯುವುದೂ ಎಳೆ ತೆಗೆಯುವುದೂ ಒಂದೇ ಬಿಸಿನೀರಿನಲ್ಲಿ. ಅದರ ಮುಂದೆ ಕೂತು ದುಡಿಯುವವರ ಬೆರಳುಗಳನ್ನು ಹತ್ತಿರದಿಂದ ನೋಡಿ: ತುದಿಯ ಚರ್ಮ ನೆನೆದು ಬಿಳಿಚಿಕೊಂಡಿರುತ್ತದೆ, ಅಲ್ಲಲ್ಲಿ ಬಿರುಕು, ಉಗುರಿನ ಸಂದಿಯಲ್ಲಿ ಕೀವು. ಕೈಗವಸು ಹಾಕಿಕೊಳ್ಳಿ ಎಂದು ನಮ್ಮ ವಿದ್ಯಾರ್ಥಿನಿಯೊಬ್ಬಳು ಹೇಳಿದಾಗ ಆ ಹೆಂಗಸು, ‘ಎಳೆಯ ತುದಿ ಬೆರಳಿಗೆ ಸಿಗಬೇಕಲ್ಲಮ್ಮ’ ಎಂದರು. ಗವಸಿನ ಮಾತು ಅಲ್ಲಿಗೇ ಮುಗಿಯಿತು. ಆರೋಗ್ಯ ಶಿಕ್ಷಣವೆಂದರೆ ಮೊದಲು ಕೇಳಿಸಿಕೊಳ್ಳುವುದು ಎಂದು ನಾನು ತರಗತಿಯಲ್ಲಿ ಗಂಟೆಗಟ್ಟಲೆ ಹೇಳಿದ್ದನ್ನು ಅವರು ಒಂದೇ ವಾಕ್ಯದಲ್ಲಿ ಕಲಿಸಿದರು.

ಕೈಯಾದರೂ ಕಣ್ಣಿಗೆ ಕಾಣುತ್ತದೆ, ಕೆಮ್ಮಿನ ಕಥೆ ಹಾಗಲ್ಲ. ಕಿಟಕಿಯಿಲ್ಲದ ಶೆಡ್ಡಿನಲ್ಲಿ ಒಬ್ಬರು ಕೆಮ್ಮಿದರೆ ಅದು ಸೌದೆಯ ಹೊಗೆಯದೋ, ರೇಷ್ಮೆಯ ಅಂಟು ಮತ್ತು ಹುಳುವಿನ ದೂಳು ಒಗ್ಗದೆ ಬಂದ ಉಬ್ಬಸವೋ, ಕ್ಷಯವೋ? ಎರಡು ವಾರ ದಾಟಿದ ಕೆಮ್ಮಾದರೆ ಕಫ ಪರೀಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ, ಕೆಲಸಕ್ಕೆ ಹೋಗದ ದಿನ ಉಸಿರು ಹಗುರಾಗುತ್ತದೆಯೇ ಎಂದೂ ಕೇಳಬೇಕು. ಹೌದೆಂದರೆ ಕಾಯಿಲೆಯ ಬೇರು ಕೆಲಸದ ಜಾಗದಲ್ಲೇ ಇರಬಹುದು. ಈ ಪ್ರಶ್ನೆಗೆ ಯಂತ್ರವೂ ಬೇಡ, ಖರ್ಚೂ ಇಲ್ಲ.

ಈಗ ಮುಲಾಮು, ಮಾತ್ರೆ, ಇನ್‌ಹೇಲರ್ ಕೊಟ್ಟು ಮರುದಿನ ಬೆಳಿಗ್ಗೆ ಅದೇ ಬಿಸಿನೀರಿಗೆ, ಅದೇ ಹೊಗೆಗೆ ವಾಪಸ್ ಕಳುಹಿಸುತ್ತೇವೆ. ಬಂದ ಕಾಯಿಲೆ ಉಲ್ಬಣಿಸದಂತೆ ತಡೆಯುವುದು, ಬೇಗ ಪತ್ತೆಹಚ್ಚುವುದು ಆರೋಗ್ಯ ಇಲಾಖೆಯ ಕೈಲಿದೆ. ಬಾರದಂತೆ ತಡೆಯುವುದು ಅದರ ಕೈಲಿಲ್ಲ. ಆ ಕೆಲಸ ರೀಲರ್‌ಗಳಿಗೆ ಪರವಾನಗಿ ಕೊಡುವ, ಯಂತ್ರಗಳಿಗೆ ಸಹಾಯಧನ ಕೊಡುವ ರೇಷ್ಮೆ ಇಲಾಖೆಯ ಕಡತದಲ್ಲಿದೆ. ನಾಲ್ಕೈದು ಜನ ದುಡಿಯುವ ಶೆಡ್ಡನ್ನು ಕಾರ್ಖಾನೆ ಕಾನೂನಾಗಲಿ ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐ ಆಗಲಿ ಸಾಮಾನ್ಯವಾಗಿ ಮುಟ್ಟುವುದಿಲ್ಲವಾದ್ದರಿಂದ ಇನ್ನೊಂದು ಬಾಗಿಲೂ ಇಲ್ಲ. ಪ್ರಾಥಮಿಕ ಆರೋಗ್ಯ ಸೇವೆ ಕುರಿತ 1978ರ ಅಂತರರಾಷ್ಟ್ರೀಯ ಆಲ್ಮಾ ಆಟಾ ಘೋಷಣೆಯು ಕೃಷಿ, ಪಶುಸಂಗೋಪನೆ, ಕೈಗಾರಿಕೆ, ವಸತಿ ಎಲ್ಲವೂ ಆರೋಗ್ಯದ ಕೆಲಸಕ್ಕೆ ಕೈಜೋಡಿಸಬೇಕೆಂದಿತು. ನಮ್ಮ ತಾಲ್ಲೂಕು ಮಟ್ಟದಲ್ಲಿ ಈ ಇಲಾಖೆಗಳ ಅಧಿಕಾರಿಗಳೆಲ್ಲ ಒಂದೇ ಸೂರಿನಡಿ ಕೂರುವುದು ಕೆಡಿಪಿ ಸಭೆಯಲ್ಲಿ. ಆದರೆ ಒಬ್ಬೊಬ್ಬರೂ ಅಧ್ಯಕ್ಷರ ಕಡೆ ಮುಖಮಾಡಿ ತಮ್ಮ ಪ್ರಗತಿ ಓದಿ ಕೂತುಬಿಟ್ಟರೆ ಒಂದೇ ಸೂರಿನಡಿ ಸೇರಿ ಏನು ಬಂತು?

ಹಾಗಾಗಿ ನನ್ನ ಕೋರಿಕೆ ಇದು. ಪ್ರತಿ ಸಭೆಗೆ ಸರದಿಯಂತೆ ಒಂದು ಉಪಕೇಂದ್ರದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯನ್ನು, ಅಂದರೆ ಊರಿನವರು ಇಂದಿಗೂ ನರ್ಸಮ್ಮ ಎನ್ನುವವರನ್ನು, ಕರೆಸಿ ಹತ್ತು ನಿಮಿಷ ಮಾತನಾಡಲು ಬಿಡಿ. ಅಂಕಿ ಬೇಡ, ಮನೆಗಳಲ್ಲಿ ಕಂಡದ್ದನ್ನು ಹೇಳಲಿ. ಮೇಲಧಿಕಾರಿಗಳು ಎದುರಿಗಿರುವಾಗ ಮೊದಲ ಸಲ ತಡವರಿಸಬಹುದು. ಆಗ ‘ಹೇಳಮ್ಮ’ ಎನ್ನುವ ತಮ್ಮ ಒಂದು ಮಾತು ಸಾಕು. ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ ಎಂಬುದು ನಿಯಮ. ಅಷ್ಟು ಜನರ ಮನೆಗಳ ಒಳಗನ್ನು ಬಲ್ಲ ಸರ್ಕಾರಿ ನೌಕರರು ಬೇರೆ ಯಾವ ಇಲಾಖೆಯಲ್ಲಿದ್ದಾರೆ? ಅವರ ದಿನದ ಎಷ್ಟು ಪಾಲು ಮೊಬೈಲಿಗೆ ಮಾಹಿತಿ ತುಂಬುವುದರಲ್ಲೇ ಕಳೆಯುತ್ತದೆ ಎಂಬುದನ್ನೂ ಅಂದೇ ಕೇಳಿಬಿಡಿ.

ಪಕ್ಕದ ಕೋಲಾರದಲ್ಲಿ 2024ರ ಅಕ್ಟೋಬರ್‌ನಲ್ಲಿ ಆರಂಭವಾಗಿ, ಎಲ್ಲ ಜಿಲ್ಲೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿಪಿ, ಸಕ್ಕರೆಯನ್ನು ಮನೆಬಾಗಿಲಲ್ಲೇ ನೋಡುತ್ತಾರೆ. ರೀಲರ್‌ಗಳ ಬೀದಿಗೆ ಹೋದಾಗ ಕೈಯನ್ನೂ ನೋಡಿ, ಉಸಿರಿನ ಪ್ರಶ್ನೆಯನ್ನೂ ಕೇಳಿ ಬನ್ನಿ ಎಂದು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ತಾವು ಸೂಚಿಸಬಹುದು. ಹಾಗೆ ಸಿಕ್ಕ ಪಟ್ಟಿ, ಹೆಸರುಗಳನ್ನು ಬಿಟ್ಟು ಬೀದಿವಾರು, ರೇಷ್ಮೆ ಇಲಾಖೆಯ ಮೇಜಿಗೆ ಹೋಗಲಿ. ಹೊಗೆ ಕೊಳವೆ, ಎಕ್ಸಾಸ್ಟ್ ಫ್ಯಾನ್, ಗೂಡು ಬೇಯಿಸಲು ಪ್ರತ್ಯೇಕ ಪಾತ್ರೆ ಮೊದಲು ಎಲ್ಲಿಗೆ ಬೇಕೆಂಬುದು ಅದರಿಂದಲೇ ತೀರ್ಮಾನವಾಗಲಿ. ಸಣ್ಣ ರೀಲರ್‌ಗಳ ಮೇಲೆ ದಂಡ ಹಾಕುವ ದಾರಿ ಮಾತ್ರ ಬೇಡ. ಅವರ ಮನೆಯವರೂ ಅದೇ ಹೊಗೆಯನ್ನು ಕುಡಿಯುತ್ತಿದ್ದಾರೆ.

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದು ಒಂದು ವಿಷಯವಾಗಿ ಬಂದರೆ, ನಮ್ಮ ವಿದ್ಯಾರ್ಥಿನಿಯರೊಂದಿಗೆ ಯಾವುದಾದರೂ ಎರಡು ಬೀದಿಗಳ ಸಮೀಕ್ಷೆ ಮಾಡಿಕೊಡಲು ನಾನು ಸಿದ್ಧಳಿದ್ದೇನೆ. ಬೀದಿಗಳನ್ನು ತಾವೇ ಗೊತ್ತುಮಾಡಿ ತಿಳಿಸಿ.

ತಮ್ಮ ವಿಶ್ವಾಸಿ,
ಸಮುದಾಯ ಆರೋಗ್ಯ ಶುಶ್ರೂಷೆಯ ಉಪನ್ಯಾಸಕಿ
ಚಿಕ್ಕಬಳ್ಳಾಪುರ ಜಿಲ್ಲೆ