ಸಯಾನ್ ಡಬ್ಬಿ ಮತ್ತು ಬಿಳಿ ಫ್ರಾಕು

ಪ್ರೀತಿಯ ಪುಟ್ಟಿ,

ರಾತ್ರಿ ಫೋನಿನಲ್ಲಿ ನಾನು ಹಾಗೆ ಮಾತಾಡಬಾರದಿತ್ತು. "ಎಲ್ಲ ಬಿಟ್ಟು ಗದಗಿಗೆ ಬರ್ತೀನಿ" ಅಂತ ನೀನಂದರೆ, "ಬಾ, ಗಂಡು ನೋಡಿಟ್ಟಿದೀನಿ" ಅಂದುಬಿಟ್ಟೆ. ಯಾರನ್ನೂ ನೋಡಿಟ್ಟಿಲ್ಲ. ನಿಮ್ಮವ್ವ ಆಗಿನಿಂದ ನನ್ನ ಜೊತೆ ಮಾತಾಡಿಲ್ಲ.

ಲ್ಯಾಬಿನಲ್ಲಿ ಎಂಟು ತಿಂಗಳು ದುಡಿದದ್ದು ಫ್ಲಾಸ್ಕಿನ ತಳದಲ್ಲಿ ನೀಲಿ ಪುಡಿಯಾಗಿ ಕೂತಿದೆ, ಯಾವುದರಲ್ಲೂ ಕರಗುತ್ತಿಲ್ಲ ಅಂದೆ. ನನಗೆ ತಟ್ಟನೆ ನೆನಪಾದದ್ದು ನಿನ್ನ ಬಿಳಿ ಫ್ರಾಕು. ಎರಡನೇ ಕ್ಲಾಸು. ಗ್ಯಾದರಿಂಗ್ ದಿನ ಬೆಳಿಗ್ಗೆ ನೀನು ನಮ್ಮ ಪ್ರಿಂಟಿಂಗ್ ಪ್ರೆಸ್ಸಿಗೆ ಓಡಿ ಬಂದು ಸಯಾನ್ ಅನ್ನೋ ನೀಲಿ ಇಂಕಿನ ಡಬ್ಬಿಗೆ ಕೈ ಹಾಕಿದೆ. ಕೈಯನ್ನು ಫ್ರಾಕಿಗೇ ಒರೆಸಿಕೊಂಡೆ. ನಾನು ಹೊಡೆದೆ. ಕ್ಯಾಲೆಂಡರ್ ಸೀಸನ್ನು, ಮಷೀನು ಬೇರೆ ಕೆಟ್ಟಿತ್ತು. ಅದೆಲ್ಲ ನೆಪ. ಸೀಮೆಎಣ್ಣೆ ಹಾಕಿ ತಿಕ್ಕಿದೆ, ಸೋಪು ಹಾಕಿ ತಿಕ್ಕಿದೆ. ನಿನ್ನ ಕೈ ಕೆಂಪಾಯಿತು, ನೀಲಿ ಹೋಗಲಿಲ್ಲ. ಸಂಜೆ ನೀನು ಹಿಂದಿನ ಸಾಲಿನಲ್ಲಿ ಕುಣಿದೆ, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡೇ. ಹಾಡು ಯಾವುದು, ಪಕ್ಕದಲ್ಲಿ ಯಾರು ಕೂತಿದ್ದರು, ಒಂದೂ ನೆನಪಿಲ್ಲ. ಆ ಕೈ ನೆನಪಿದೆ. ಫ್ರಾಕನ್ನು ಆಮೇಲೆ ಮಷೀನು ಒರೆಸೋಕೆ ಹಾಕಿಬಿಟ್ಟೆ. ಅದೂ ತಪ್ಪೇ.

ಆ ಸಯಾನ್ ಅಂದರೆ ತಾಮ್ರದ ಥಾಲೊಸಯನಿನ್ ಅಂತ ಎಂ.ಎಸ್ಸಿ. ಓದುವಾಗ ನೀನೇ ಹೇಳಿದೆ. ಮೂವತ್ತು ವರ್ಷ ಉಗುರಿನ ಸಂದಿಯಲ್ಲಿದ್ದದ್ದರ ಹೆಸರು ಆಗ ಗೊತ್ತಾಯಿತು. ಚಪ್ಪಟೆ ಅಣುಗಳು, ತಟ್ಟೆ ಮೇಲೆ ತಟ್ಟೆ ಪೇರಿಸಿದ ಹಾಗೆ ಅಂಟಿ ಕೂರುತ್ತವೆ, ಅದಕ್ಕೇ ಕರಗಲ್ಲ ಅಂದಿದ್ದೆ. ಇಂಕಿನಲ್ಲೂ ಅದು ಕರಗಿರಲ್ಲ, ನುಣ್ಣಗೆ ಅರೆದು ಬೆರೆಸಿರುತ್ತಾರೆ ಅಷ್ಟೆ. ಕರಗದ್ದರಿಂದಲೇ ನಮ್ಮ ಮನೆ ನಡೀತು. ನಿನಗೆ ಅದನ್ನೇ ಕರಗಿಸಬೇಕು!

ಎರಡು ಅಣು ಕೂಡಿಸೋ ಡೀಲ್ಸ್-ಆಲ್ಡರ್ ಕ್ರಿಯೆಯನ್ನು ನೀನು ಊಟದ ತಟ್ಟೆಯಲ್ಲಿ ಬೆಂಡೆಕಾಯಿ ಹೋಳಿಟ್ಟು ತೋರಿಸಿದ್ದೆ. ಡಯೀನ್ ಅನ್ನೋ ಅಣುವಿನ ನಾಲ್ಕು ಕಾರ್ಬನ್, ಇನ್ನೊಂದು ಅಣುವಿನ ಎರಡು, ಕೂಡಿ ಆರರ ಉಂಗುರ. ಒಂದು ಪರಮಾಣುವೂ ಹೊರಗೆ ಬೀಳಲ್ಲ. ಹೀಗೆ ಆ ನೀಲಿ ಅಣುಗಳ ಅಂಚಿಗೆ ದಪ್ಪ ಗುಂಪುಗಳನ್ನು ಕಟ್ಟಿದರೆ ಅವು ಒತ್ತೊತ್ತಾಗಿ ಕೂರಲ್ಲ, ಕರಗುತ್ತವೆ. ವೇಸ್ಟೇಜ್ ಇಲ್ಲದ ಕೆಲಸ, ಪ್ರೆಸ್ಸಿನವನಿಗೆ ಇಷ್ಟವಾಗದೆ ಇರುತ್ತಾ? ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಹನಾಕ್ ಅನ್ನುವವರು ಕರಗುವ ಥಾಲೊಸಯನಿನ್‌ಗಾಗಿ ವರ್ಷಗಟ್ಟಲೆ ದುಡಿದರು ಅಂತಲೂ ಹೇಳಿದ್ದೆ. ಗಿರಾಕಿಗಳಿಗೆಲ್ಲ ಇದನ್ನು ಹೇಳ್ತೀನಿ, ಅರ್ಧಂಬರ್ಧ.

ಆ ಪುಡಿ ಚೆಲ್ಲಬೇಡ. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ಬಣ್ಣದ ಕಾರ್ಖಾನೆಯಲ್ಲಿ ಪಾತ್ರೆಯ ಎನಾಮೆಲ್ ಬಿರುಕು ಬಿಟ್ಟು, ಕಬ್ಬಿಣ ಸೇರಿ ಇದೇ ಜಾತಿಯ ನೀಲಿ ಕಸ ಬಂತಲ್ಲ, ಅವರು ಚೆಲ್ಲಿದರಾ? ಡೀಲ್ಸ್, ಆಲ್ಡರ್ ತಮ್ಮ ಕ್ರಿಯೆಯನ್ನು ಪ್ರಕಟಿಸಿದ್ದೂ ಅದೇ ವರ್ಷ. ವಿಜ್ಞಾನಿ ಲಿನ್‌ಸ್ಟೆಡ್ ಆ ನೀಲಿಯ ರಚನೆ ಬಿಡಿಸುವಾಗ 1934. ಆರು ವರ್ಷ! ನಿನ್ನದು ಎಂಟು ತಿಂಗಳು. ಮನುಷ್ಯನಿಗೆ ತಾಳ್ಮೆ ಬೇಕು, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು, ರಾತ್ರಿ ಒಬ್ಬಳೇ ಲ್ಯಾಬಿನಲ್ಲಿ... ನೋಡು, ಶುರು ಮಾಡಿದೆ.

ಬಿಸಿ ಜಾಸ್ತಿಯಾದರೆ ಡೀಲ್ಸ್-ಆಲ್ಡರ್‌ನಲ್ಲಿ ಕೂಡಿದ್ದು ಮತ್ತೆ ಬಿಟ್ಟುಕೊಳ್ಳಬಹುದು ಅಂದಿದ್ದೆಯಲ್ಲ. ಈ ಸಲ ಎಷ್ಟು ಬಿಸಿ ಕೊಟ್ಟಿದ್ದೆ? ಸುಮ್ನೆ ಕೇಳಿದೆ.

ಬರೋದಾದರೆ ಬಾ, ಗಂಡಿನ ಮಾತು ಎತ್ತಲ್ಲ. ಯಾವ ರೈಲು ಅಂತ ನಿಮ್ಮವ್ವನಿಗೆ ಹೇಳು. ಅವಳು ನನಗೆ ಹೇಳ್ತಾಳೆ, ಮಾತಾಡಿದರೆ.

ನಿನ್ನ ಅಪ್ಪ